ಕಿಟಕಿ ಇಲ್ಲದ ರೂಮಿಗೆ ಹತ್ತಕ್ಕೆ ಹತ್ತು

ನನ್ನ ಭಾವನ ಹಡಗಿನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಹಡಗು ಅವರದಲ್ಲ, ಯಾವುದೋ ಕಂಪನಿಯದು. ಆದರೆ ಕುದೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಈ ಮಹಾನುಭಾವರು ‘ನಮ್ಮ ಹಡಗು’ ಅಂತಲೇ ಮಾತಾಡುವುದು. ಮುಂಬೈಯಿಂದ ಗೋವಾಕ್ಕೆ ಎರಡು ಸಲ ಅದರಲ್ಲಿ ಹೋಗಿಬಂದದ್ದಕ್ಕೆ ಕಂಪನಿ ಒಂದು ಬಂಗಾರದ ಬಣ್ಣದ ಕಾರ್ಡು ಕೊಟ್ಟಿದೆ. ಅದು ಅಂಗಿಯ ಜೇಬಿನಿಂದ ಅರ್ಧ ಇಣುಕುತ್ತಿರಬೇಕು. ಮೊಳೆ ಕೊಳ್ಳಲು ಬಂದವನು ಏನಣ್ಣ ಅದು ಎಂದು ಕೇಳಬೇಕು. ಕೇಳಿದನೋ ಕೆಟ್ಟ, ಮೊಳೆ ಕೈಗೆ ಸಿಗುವುದು ಇನ್ನರ್ಧ ಗಂಟೆಗೆ.

ನಮ್ಮವ್ವ ರಾಮನಗರದಲ್ಲಿ ನನ್ನ ಜೊತೆಗಿದ್ದಾಳೆ. ವಯಸ್ಸು ಎಪ್ಪತ್ತೆಂಟು. ಹುಟ್ಟಿದ್ದು ಸೋಲೂರಿನ ಮಗ್ಗುಲಲ್ಲಿ, ಕೊಟ್ಟದ್ದು ಕೂಟಗಲ್ಲಿಗೆ. ಅವಳು ಕಂಡ ದೊಡ್ಡ ನೀರೆಂದರೆ ಮಂಚನಬೆಲೆ ಡ್ಯಾಮು. ಸಾಯುವುದರೊಳಗೆ ಒಂದು ಸಲ ಸಮುದ್ರ ನೋಡಬೇಕು ಅನ್ನುವುದೊಂದೇ ಅವಳ ಆಸೆ. ನಾನು ಮಂಗಳೂರಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಮರಳಿನ ಮೇಲೆ ಕೂರಿಸಿ, ನೋಡವ್ವ ಅಂತ ತೋರಿಸುವವನಿದ್ದೆ. ಅಷ್ಟು ಸಾಕಿತ್ತು.

ಭಾವ ಬಿಡಬೇಕಲ್ಲ. “ಅತ್ತೆನ ಬಸ್ಸಲ್ಲಿ ಕುಲುಕಿಸ್ಕೊಂಡ್ ಹೋಯ್ತೀಯಾ? ನಮ್ಮ ಹಡಗೈತೆ ಕಣಯ್ಯ. ಎಲ್ಲಾ ಹಡಗೂ ಹಡಗಲ್ಲ. ಇದು ಹೆಸರಿರೋ ಹಡಗು!” ಅಂದರು. ಅಕ್ಕನೂ ದನಿಗೂಡಿಸಿದಳು. ಚನ್ನಪಟ್ಟಣದ ಏಜೆಂಟನ ಹತ್ತಿರ ಭಾವನೇ ಕೂತು ಎಲ್ಲರಿಗೂ ಬುಕ್ ಮಾಡಿಸಿದರು.

ಇಲ್ಲಿ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು. ನಾನು ರೇಷ್ಮೆ ನೂಲು ತೆಗೆಯುವವನು. ಗೂಡಿನ ಮಾರುಕಟ್ಟೆಗೆ ಎಂಥ ಹೆಸರುವಾಸಿ ರೈತನ ಗೂಡೇ ಬರಲಿ, ನಾಲ್ಕನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಂದನ್ನು ಬ್ಲೇಡಿನಲ್ಲಿ ಕೊಯ್ದು, ಒಳಗಿನ ಹುಳ ನೋಡದೆ ಬೆಲೆ ಹೇಳಿದವನಲ್ಲ. ಹೆಸರು ನೂಲಾಗುವುದಿಲ್ಲ ಅಂತ ಊರಿಗೆಲ್ಲ ಉಪದೇಶ ಮಾಡಿದವನು ಹಡಗಿನ ವಿಷಯದಲ್ಲಿ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಅವ್ವನ ರೂಮಿಗೆ ಕಿಟಕಿ ಇದೆಯಾ?

ಇರಲಿಲ್ಲ. ನಾಲ್ಕೂ ಕಡೆ ಗೋಡೆ. ಹಡಗೆಂದ ಮೇಲೆ ರೂಮಿಗೊಂದು ಕಿಟಕಿ ಇದ್ದೇ ಇರುತ್ತದೆ, ಅದರಾಚೆ ಸಮುದ್ರ ಇದ್ದೇ ಇರುತ್ತದೆ ಅಂತ ನಾನು ತಿಳಿದಿದ್ದೆ. ಹಡಗಿನ ಹೊಟ್ಟೆಯಲ್ಲಿ ಹೀಗೂ ಕೋಣೆಗಳಿರುತ್ತವೆ ಅಂತ ರಾಮನಗರದವನಿಗೆ ಯಾವನು ಹೇಳಿದ್ದ? ಭಾವನಿಗೆ ಗೊತ್ತಿತ್ತು. “ರೂಮಲ್ಲಿ ಯಾರ್ ಕೂತ್ಕತಾರೆ? ಮೇಲಕ್ಕೋದ್ರೆ ಬರೀ ಸಮುದ್ರನೇಯ” ಅಂದರು.

ಹಡಗು ಹೊರಟ ಗಂಟೆಯೊಳಗೆ ಅವ್ವನಿಗೆ ತಲೆ ಸುತ್ತು, ವಾಂತಿ. ನಿಂತರೆ ಬೀಳುತ್ತಿದ್ದಳು. ಮಾರನೆಯ ದಿನ ಒಸಿ ಚೇತರಿಸಿಕೊಂಡು, “ಮೇಲಕ್ಕೆ ಕರ್ಕೊಂಡೋಗ್ಲಾ ಮಗ, ಒಂದ್ಸಲ ನೋಡ್ಬುಟ್ಟು ಬಂದ್ ಮಲಿಕತೀನಿ” ಅಂದಳು. ನಾನು ಕೌಂಟರಿಗೆ ಓಡಿ ಗಾಲಿಕುರ್ಚಿ ಕೇಳಿದೆ. ಅಲ್ಲಿದ್ದ ಹುಡುಗಿ ನಗುತ್ತಾ, ಈಗಲೇ ಕಳಿಸುತ್ತೇವೆ ಸಾರ್ ಅಂದಳು. ಮೂರು ಸಲ ಹೋದೆ, ಮೂರು ಸಲವೂ ಅದೇ ನಗು. ಬಂದದ್ದು ಕುರ್ಚಿಯಲ್ಲ, ಟವೆಲನ್ನು ಹಂಸದ ಹಾಗೆ ಮಡಚಿ ಮಂಚದ ಮೇಲಿಟ್ಟು ಹೋಗಿದ್ದರು. ಆ ಹಂಸವನ್ನು ಒದರಿ ಅವ್ವನ ಬಾಯಿ ಒರೆಸಿದೆ. ಹೊತ್ತುಕೊಂಡೇ ಹೋಗುತ್ತೇನೆಂದು ಎತ್ತಿದರೆ, ಬಾಗಿಲು ದಾಟುವುದರೊಳಗೆ ಮತ್ತೆ ವಾಂತಿ. ಗೋವಾ ಬಂದಾಗಲೂ ಮಂಚ ಬಿಟ್ಟು ಏಳಲಾಗಲಿಲ್ಲ.

ಭಾವನನ್ನು ಹಿಡಿದು ಜಾಡಿಸಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಈ ಹೆಗ್ಗಣವನ್ನು ಇವರು ಹೆತ್ತೂ ಇಲ್ಲ! ವಾಂತಿಯಾದರೆ ಅದು ಸಮುದ್ರದ ತಪ್ಪು. ಕುರ್ಚಿ ಬರದಿದ್ದರೆ ಜನ ಜಾಸ್ತಿ. ಊಟ ಸೇರದಿದ್ದರೆ ಅತ್ತೆಯ ನಾಲಿಗೆಯ ದೋಷ. ಹಡಗಿಗೆ ಮಾತ್ರ ಒಂದು ಮಾತು ತಾಗಿಸಲಿಲ್ಲ ಮಾರಾಯ.

ಕೊನೆಗೆ ಕುರ್ಚಿ ಬಂತು, ಮುಂಬೈಗೆ ವಾಪಸು ಬಂದು ಎಲ್ಲರೂ ಇಳಿಯುವಾಗ. ಹಡಗು ಹತ್ತುವಾಗ ನಡೆದು ಬಂದಿದ್ದ ಅದೇ ಮುಚ್ಚಿದ ಓಣಿಯಂಥ ದಾರಿಯಲ್ಲಿ ತಳ್ಳಿಕೊಂಡು ಹೋಗಿ ಕಾರಿಗೆ ಹತ್ತಿಸಿದರು. ಅಲ್ಲೇ ಎಲ್ಲಾದರೂ ದಡಕ್ಕೆ ಕರೆದೊಯ್ಯೋಣವೆಂದರೆ ರೈಲಿಗೆ ಹೊತ್ತಾಗಿತ್ತು. ಅವ್ವ ಕಾರಿನಲ್ಲಿ ಕಣ್ಣೇ ಬಿಡಲಿಲ್ಲ. ಮೂರು ದಿನ ಸಮುದ್ರದ ಮೇಲಿದ್ದು, ಸಮುದ್ರದ ಒಂದು ಹನಿ ನೋಡದೆ ನಮ್ಮವ್ವ ಊರಿಗೆ ಬಂದಳು.

ಬಂದ ವಾರಕ್ಕೆ ಅಕ್ಕ ಒಬ್ಬಳೇ ಬಂದಾಗ ಅವಳ ಮೇಲೂ ರೇಗಿದೆ. ಅವಳು ಕಣ್ಣೊರೆಸಿಕೊಂಡು, “ಮೊದಲ್ನೇ ಸಲ ನಿಮ್ ಭಾವನೂ ಬಕೀಟು ತಬ್ಕೊಂಡೇ ಇದ್ರು ಕಣೋ. ಬಂದೇಟ್ಗೆ ಅಂಗ್ಡೀಲಿ ಎಲ್ಲಾರ್ಗೂ ಸ್ವರ್ಗ ಸ್ವರ್ಗ ಅಂದ್ಬುಟ್ರು. ಆಮೇಲೆ ಇಲ್ಲ ಅನ್ನಕ್ಕಾಯ್ತದಾ?” ಅಂದಳು. ನನಗೆ ನಗು ಬರಲಿಲ್ಲ. ಎರಡನೆಯ ಸಲ ಯಾಕೆ ಹೋದರು ಅನ್ನುವುದು ಆಗ ಅರ್ಥವಾಯಿತು.

ಅದೇ ಸಂಜೆ ಕಂಪನಿಯವರ ಪ್ರಶ್ನೆಗಳು ಫೋನಿಗೆ ಬಂದವು, ನನಗೊಂದು, ಅವ್ವನ ಹೆಸರಿನಲ್ಲೊಂದು. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಕೊಡುತ್ತೀರಿ? ಮತ್ತೆ ನಮ್ಮ ಹಡಗಿನಲ್ಲೇ ಬರುತ್ತೀರಾ? ನನ್ನದಕ್ಕೆ ಸೊನ್ನೆ ಒತ್ತಿ, ಇಲ್ಲ ಒತ್ತಿ, ಬಾಯಿಗೆ ಬಂದದ್ದನ್ನೆಲ್ಲ ಬರೆದೆ. ಅವ್ವನ ಸೊನ್ನೆಯನ್ನು ಅವಳ ಎದುರೇ ಒತ್ತೋಣವೆಂದು ಜಗಲಿಗೆ ಹೋದೆ.

ಜಗಲಿಯಲ್ಲಿ ಬೀದಿಯ ನಾಲ್ಕು ಹೆಂಗಸರು ಕೂತಿದ್ದರು. ಅವ್ವ ಕೈ ಅಗಲಿಸಿ ಹೇಳುತ್ತಿದ್ದಳು: “ನೀರು ಅಂದ್ರೆ ನೀರು ಕಣ್ರವ್ವ! ಆ ಕಡೆ ದಡಾನೇ ಇಲ್ಲ. ವತ್ತಾರೆ ಸೂರ್ಯ ಬಂದ್ರೆ ನೀರೆಲ್ಲ ಕೆಂಪ್ಗೆ.” ನನ್ನ ಮೈ ಉರಿಯಿತು. ಹೆಂಗಸರು ಎದ್ದುಹೋಗುವವರೆಗೆ ಹಲ್ಲು ಕಚ್ಚಿಕೊಂಡು ನಿಂತಿದ್ದೆ.

“ಯಾಕವ್ವ ಸುಳ್ಳು ಹೇಳ್ದೆ?”

“ಅಷ್ಟ್ ದೂರ ಹೋಗಿ ಗೋಡೆ ನೋಡ್ಕಂಡ್ ಬಂದೆ ಅಂತ ಹೇಳ್ಲಾ?”

ನಾನು ಫೋನು ತೋರಿಸಿ ಕೇಳಿದೆ. “ಹತ್ತು ಹಾಕು” ಅಂದಳು. ಮತ್ತೆ ಬರುತ್ತೀರಾ ಅನ್ನುವುದನ್ನೂ ಓದಿ ಹೇಳಿದೆ.

“ಹೂಂ ಅನ್ನು. ಅದೇ ಹಡಗೇ ಆಗ್ಬೇಕು. ಅದ್ರಲ್ಲಿ ನೋಡ್ದೆ ಅಂತ ಎಲ್ಲಾರ್ಗೂ ಹೇಳ್ಬುಟ್ಟಿವ್ನಿ, ಒಂದ್ಸಲನಾದ್ರೂ ನೋಡ್ಬೇಡ್ವಾ?”

ನಾನು ಹತ್ತು ಒತ್ತಿದೆ. ಹೂಂ ಒತ್ತಿದೆ.

“ಈ ಸಲ ಕಿಟ್ಕಿ ಐತಾ ಅಂತ ಕೇಳ್ಲಾ ಮಗ” ಅಂದಳು ಅವ್ವ.