ಜೈತೂನ್ ಆಪಾ ಮಡಚಿದ ದಾಳಿಂಬೆ ಹೂ

ಜೈತೂನ್ ಆಪಾ ಹೆದರದ ವಸ್ತು ಶಿಕಾರಿಪುರದಲ್ಲಿ ಯಾವುದೂ ಇರಲಿಲ್ಲ. ಹಲ್ಲಿ, ಗುಡುಗು, ಕುಕ್ಕರಿನ ಸೀಟಿ, ಶಿಕ್ಷಣ ಇಲಾಖೆಯ ಜೀಪು, ಗೇಟಿನ ಹತ್ತಿರ ಸುಮ್ಮನೆ ನಿಂತ ಬೈಕು, ಎಲ್ಲಕ್ಕೂ ಬೆಚ್ಚಿಬೀಳುತ್ತಿದ್ದರು. ಆದರೆ ಒಂದು ಹಾಳೆ ಕೈಗೆ ಬಂತೆಂದರೆ ಬೆರಳುಗಳು ಬೇರೆ ಯಾರದ್ದೋ ಆಗಿಬಿಡುತ್ತಿದ್ದವು. ಕಣ್ಣು ಬಾಗಿಲ ಕಡೆ ಗಾಬರಿಯಿಂದ ನೋಡುತ್ತಿದ್ದರೂ ಬೆರಳು ಮಡಿಕೆಯ ಮೇಲೆ ಮಡಿಕೆ ಹಾಕುತ್ತ ಹೋಗುತ್ತಿದ್ದವು.

ಊರಂಚಿನ ನಮ್ಮ ಶಾಲೆಯಲ್ಲಿ ಅವರು ಕ್ರಾಫ್ಟ್ ಟೀಚರ್. ನಾನು ಕನ್ನಡ ಟೀಚರ್, ಉಡುತಡಿಯ ಕಡೆಯವಳು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರಾದ್ದರಿಂದ ಆಪಾ ಎನ್ನುತ್ತಿದ್ದೆ. ಅವರ ತವರು ಸೊರಬ. ಅಲ್ಲಿ ಅವರಪ್ಪ ಮೊಹರಂಗೆ ತಾಬೂತು ಕಟ್ಟುತ್ತಿದ್ದರಂತೆ. ಬಿದಿರಿನ ಚೌಕಟ್ಟಿಗೆ ಬಣ್ಣದ ಕಾಗದ, ತಗಡಿನಂತೆ ಹೊಳೆಯುವ ಬೇಗಡೆ ಅಂಟಿಸಿ ಗೋಪುರದ ಹಾಗೆ ಎಬ್ಬಿಸುವ ಕೆಲಸ. ಸುತ್ತಲ ಊರಿನ ಮದುವೆ ಚಪ್ಪರಗಳಿಗೆ ಕಾಗದದ ತೋರಣವೂ ಅದೇ ಮನೆಯಿಂದ ಹೋಗುತ್ತಿತ್ತು. ಯಾರ ಕೆಲಸವೇ ಇರಲಿ, ಎಲ್ಲೋ ಒಂದು ಮೂಲೆಯಲ್ಲಿ ಕೆಂಪು ಕಾಗದದ ದಾಳಿಂಬೆ ಹೂವೊಂದು, ಅದರ ಅಂಚಿಗೆ ಬೇಗಡೆ, ಇರಲೇಬೇಕು.

"ಅದು ನಮ್ಮನೆ ಸೈನು ಕಣ್ರೀ ಗಿರಿಜಾ," ಎನ್ನುತ್ತಿದ್ದರು ಆಪಾ. "ನಮ್ಮಪ್ಪಂಗೆ ಓದು ಬರಹ ಬರ್ತಿರ್ಲಿಲ್ಲ. ಹೂ ಬರ್ತಿತ್ತು."

ಕ್ಲಾಸಿನಲ್ಲಿ ಮಕ್ಕಳಿಗೆಲ್ಲ ಒಂದೇ ಹಕ್ಕಿ ಮಡಚಲು ಕಲಿಸುತ್ತಿದ್ದರು. ಆಮೇಲೆ ಅದರ ಮೈಮೇಲೆ ಅವರವರ ಮನೆಯದೊಂದು ಗುರುತನ್ನು ಬರೆಯಬೇಕು. ಒಬ್ಬಳು ಅಜ್ಜಿಯ ಕೈ ಹಚ್ಚೆಯನ್ನು ರೆಕ್ಕೆಗೆ ಹಾಕಿದಳು. ಇನ್ನೊಬ್ಬ ಅಪ್ಪನ ಲಗೇಜ್ ಆಟೋದ ಹಿಂದಿನ ಪಟ್ಟೆಗಳನ್ನು ಬಿಡಿಸಿದ. "ಮಡಿಕೆ ಎಲ್ರುದ್ದೂ ಒಂದೇ ಕಣ್ರೋ. ಮೈಮೇಲಿಂದು ನಿಮ್ಮನೇದು," ಎಂದು ಆಪಾ ಬೆಂಚುಗಳ ನಡುವೆ ಓಡಾಡುತ್ತಿದ್ದರು. ಹಕ್ಕಿಗಳನ್ನು ದಾರಕ್ಕೆ ಪೋಣಿಸಿ ಕ್ಲಾಸಿನಲ್ಲಿ ತೂಗಿಬಿಟ್ಟರೆ, ತುದಿಯಲ್ಲಿ ಅವರದೊಂದು ದಾಳಿಂಬೆ ಹೂ.

ಒಂದು ದಿನ ಯಾವುದೋ ಮಗುವಿನ ತಂದೆ ಬೈಕಿನಲ್ಲಿ ಬಂದ. ಕೂಗಾಡಲಿಲ್ಲ. ಆ ಹೂವಿನ ಕಡೆ ಮೊಬೈಲ್ ಎತ್ತಿ ಫೋಟೋ ತೆಗೆದುಕೊಂಡ.

"ತಾಬೂತಿನ ಹೂ ಅಲ್ಲೇನ್ರೀ ಮೇಡಂ ಇದು? ಶಾಲಿಯಾಗ ಯಾಕ್ ಬೇಕ್ರಿ ಇವೆಲ್ಲ? ಸ್ವಲ್ಪ ನೋಡ್ಕೊಂಡು ಮಾಡ್ರಿ."

ಅಷ್ಟೇ ಹೇಳಿ ಹೋದ. ಅವನು ಮೆತ್ತಗೆ ಮಾತಾಡಿದ್ದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಹೆಡ್‌ಮಾಸ್ಟರಿಗೆ ಹೇಳೋಣ ಎಂದೆ. ಆಪಾ ಆಗಲೇ ಸ್ಟೂಲು ಹತ್ತಿ ಹೂವನ್ನು ಬಿಚ್ಚುತ್ತಿದ್ದರು.

"ಬ್ಯಾಡ ಗಿರಿಜಾ. ಆ ಫೋಟೋ ಎಲ್ಲೆಲ್ಲಿ ಹೋಗ್ತದೋ, ಯಾರ್ಯಾರು ನೋಡ್ತಾರೋ. ನಂಗೆ ಹೆದರಿಕೆ ಆಗ್ತದೆ."

ಆಮೇಲೆ ಎಷ್ಟೋ ದಿನ ನಾನೂ ಬೆಳಿಗ್ಗೆ ಎದ್ದ ತಕ್ಷಣ ಊರಿನ ವಾಟ್ಸಾಪ್ ಗುಂಪುಗಳನ್ನು ತೆರೆದು ನೋಡುತ್ತಿದ್ದೆ. ಏನೂ ಬರಲಿಲ್ಲ. ಆದರೆ ಆಪಾ ಹೂ ಮಡಚುವುದನ್ನು ಬಿಟ್ಟರು. ನಿಮ್ಮನೇದು ಯಾವುದು ಟೀಚರ್ ಎಂದು ಮಕ್ಕಳು ಕೇಳಿದರೆ ಏನೂ ಬರೆಯದ ಬಿಳಿ ಹಕ್ಕಿಯೊಂದನ್ನು ತೋರಿಸುತ್ತಿದ್ದರು.

ಮೆಕ್ಕೆಜೋಳದ ಕಟಾವಿನ ದಿನಗಳು. ಶಾಲೆಯ ಕಾಂಪೌಂಡಿನಾಚೆಯೇ ಹೊಲ. ಒಂದು ಮಧ್ಯಾಹ್ನ ನಾನು ಆಪಾರ ಕ್ಲಾಸಿಗೆ ಹಾಳೆ ಕೊಡಲು ಹೋದಾಗ ಹೊಲದ ಕಡೆಯಿಂದ ಕೂಗು ಕೇಳಿಸಿತು. "ಚಿರತಿ! ಚಿರತಿ! ಬಾಗ್ಲಾ ಹಾಕ್ಕೊಳ್ರೀ!" ಕಿಟಕಿಯಿಂದ ನೋಡುತ್ತಿದ್ದಂತೆಯೇ ಹಳದಿ ಮೈಯೊಂದು ಗೋಡೆ ಹಾರಿ ಅಂಗಳಕ್ಕೆ ಬಿತ್ತು.

ಬಾಗಿಲು ದೂಡಿ ಮುಚ್ಚಿದೆವು. ಚಿಲಕ ಕೂರಲಿಲ್ಲ. ಬೆಂಚುಗಳನ್ನು ಅಡ್ಡ ಎಳೆದು ನಾನು ಅವಕ್ಕೆ ಬೆನ್ನು ಕೊಟ್ಟು ಕುಳಿತೆ. ಮಕ್ಕಳು ಆಚೆ ಮೂಲೆಯಲ್ಲಿ ಮುದ್ದೆಯಾದರು. ಮೊದಲು ವರಾಂಡದ ಸಿಮೆಂಟಿನ ಮೇಲೆ ಉಗುರಿನ ಸದ್ದು, ಆಮೇಲೆ ಗರಗಸ ಎಳೆದಂಥ ಉಸಿರು. ಅದು ನನ್ನ ಬೆನ್ನಿನ ಹಿಂದೆಯೇ, ಬಾಗಿಲಿನ ಆಚೆ.

ಕಾವ್ಯ ಎಂಬ ಹುಡುಗಿ ಬಿಕ್ಕಲು ಶುರುಮಾಡಿದಳು. ಆಪಾ ಮೊಣಕಾಲೂರಿ ಅವಳ ಹತ್ತಿರ ಸರಿದರು. ಅವರ ಹಲ್ಲು ಕಟಕಟ ಎನ್ನುವುದು ನನಗೆ ಕೇಳಿಸುತ್ತಿತ್ತು. ಮಕ್ಕಳ ಕೈಯಲ್ಲಿದ್ದ ಬೇಗಡೆಯನ್ನೆಲ್ಲ, ಸದ್ದಾದೀತೆಂದು, ಮೆಲ್ಲಗೆ ಬಿಡಿಸಿಕೊಂಡರು. ಮೆತ್ತನೆಯ ಹಾಳೆಯೊಂದನ್ನು ಕಾವ್ಯಳ ಕೈಗಿಟ್ಟು, "ಅಳಬೇಡ ಮಗಾ. ನಿಮ್ಮನೆ ಹಕ್ಕಿ ಮಡಚು," ಎಂದು ಪಿಸುಗುಟ್ಟಿದರು.

"ನಂಗ್ ಕೈ ಬರವಲ್ದು ಟೀಚರ್. ಮೊದ್ಲು ನೀವು ಮಾಡ್ರಿ. ನಿಮ್ಮನೇದು ಮಾಡ್ರಿ."

ಆಪಾ ನನ್ನ ಮುಖ ನೋಡಿದರು. ಅವರು ಕೆಂಪು ಹಾಳೆಯನ್ನು ಎತ್ತಿಕೊಂಡರು. ಒಂದೊಂದೇ ಎಸಳು ಮಡಚಿ, ಅಂಚು ಚಿವುಟಿ, ಸದ್ದಿಲ್ಲದೆ ಹೂವನ್ನು ಎಬ್ಬಿಸತೊಡಗಿದರು. ಮಕ್ಕಳ ಕಣ್ಣುಗಳು ಬಾಗಿಲನ್ನು ಬಿಟ್ಟು ಆ ಬೆರಳುಗಳಿಗೆ ಅಂಟಿದವು. ಕಿಟಕಿಯ ಮೇಲೊಂದು ನೆರಳು ಹಾದುಹೋಯಿತು. ಹೂ ಮುಗಿದಾಗ ಆಪಾ ಅದನ್ನು ಕಾವ್ಯಳ ಅಂಗೈ ಮೇಲಿಟ್ಟರು.

"ಇದು ನಮ್ಮಪ್ಪಂದು," ಎಂದರು.

ಎಷ್ಟು ಹೊತ್ತಾಯಿತೋ ತಿಳಿಯದು. ಚಿರತೆ ಗೋಡೆ ಹಾರಿ ಹೊಲದ ಕಡೆ ಹೋಯಿತೆಂದು ಅರಣ್ಯ ಇಲಾಖೆಯವರು ಬಂದು ಬಾಗಿಲು ತಟ್ಟಿದರು. ಯಾರಿಗೂ ಏನೂ ಆಗಿರಲಿಲ್ಲ. ಮಕ್ಕಳನ್ನೆಲ್ಲ ಹೊರಗೆ ಕಳಿಸಿದ ಮೇಲೆ ಆಪಾ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡರು.

ಮರುದಿನ ಹಕ್ಕಿಗಳ ದಾರದಲ್ಲಿ ಹೂ ಮತ್ತೆ ತೂಗುತ್ತಿತ್ತು. ಈ ಸಲ ಬೇಗಡೆ ಸಮೇತ. ನಾನು ಕೇಳುವ ಮೊದಲೇ ಅವರು ಹೇಳಿದರು: "ಹೆದರಿಕೆ ಹೋಗಿಲ್ಲ ಗಿರಿಜಾ. ಆದ್ರೂ ಇರ್ಲಿ." ಗೇಟಿನಲ್ಲಿ ಬೈಕು ನಿಂತಾಗಲೆಲ್ಲ ಅವರ ಕೈಯಿಂದ ಕತ್ತರಿ ಜಾರುವುದು ನಿಲ್ಲಲಿಲ್ಲ. ಆ ತಂದೆ ಒಮ್ಮೆ ಟಿ.ಸಿ. ಕೇಳಲು ಬಂದವನು ಹೂವನ್ನು ನೋಡಿದ, ನಮ್ಮನ್ನೂ ನೋಡಿದ, ಹೋದ. ಅವನ ಮನಸ್ಸಿನಲ್ಲಿ ಏನಿತ್ತೋ ನಮಗೆ ಗೊತ್ತಾಗಲೇ ಇಲ್ಲ. ಆಪಾ ನಿವೃತ್ತರಾಗುವವರೆಗೂ ಹೂ ಅಲ್ಲೇ ಇತ್ತು.

ನಿವೃತ್ತಿಯ ನಂತರ ಅವರು ಸೊರಬದಲ್ಲಿ ತಮ್ಮನ ಮನೆಯಲ್ಲಿದ್ದರು. ಎದೆಯ ಆಪರೇಷನ್‌ಗೆ ಶಿವಮೊಗ್ಗಕ್ಕೆ ಹೊರಟಿದ್ದಾರೆಂದು ತಿಳಿದು, ಆ ಬೆಳಿಗ್ಗೆ ಮೊದಲ ಬಸ್ಸಿಗೇ ಸೊರಬಕ್ಕೆ ಹೋದೆ. ಆ ಆಪರೇಷನ್ನಿನಿಂದ ಅವರು ಎಚ್ಚರಗೊಳ್ಳಲಿಲ್ಲ. ಅದು ನಮ್ಮ ಕೊನೆಯ ಭೇಟಿಯಾಯಿತು.

ಮಂಚದ ತುದಿಯಲ್ಲಿ ಸೆರಗನ್ನು ಬೆರಳಿಗೆ ಸುತ್ತಿಕೊಂಡು ಕುಳಿತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಹೆದರಬ್ಯಾಡಿ ಅಂತ ಮಾತ್ರ ಹೇಳಬ್ಯಾಡ್ರೀ. ಬೆಳಿಗ್ಗೆಯಿಂದ ಎಲ್ರೂ ಅದನ್ನೇ ಹೇಳಿದ್ರು," ಎಂದರು.

ಪಕ್ಕದಲ್ಲಿ ಕುಳಿತೆ. ಹೊರಗೆ ಅವರ ತಮ್ಮ ಕಾರು ಸ್ಟಾರ್ಟ್ ಮಾಡಿದರು. ಆಪಾ ನನ್ನ ಕೈ ಹುಡುಕಿ ಹಿಡಿದರು. ಅವರ ಅಂಗೈ ತಣ್ಣಗಿತ್ತು.

"ನಿಮಗೂ ಹೆದರಿಕೆ ಆಗ್ತಿದ್ಯಾ ಗಿರಿಜಾ?"

"ಹೂಂ ಆಪಾ. ತುಂಬಾ."

"ಹಂಗಾರೆ ಇಬ್ರಾದ್ವಿ," ಎಂದು ಅವರು ಎದ್ದು ನಿಂತರು.