ತ್ರೀಫೇಸ್ ಹೋಗುವವರೆಗೆ

ಕ್ಯಾತನಹಳ್ಳಿಯಲ್ಲಿ ಊರಿಗೆ ಊರೇ ತ್ರೀಫೇಸ್ ಕರೆಂಟು ಬರಲಿ ಎಂದು ಕಾಯುತ್ತಿದ್ದರೆ, ನಾವು ಮೂವರು ಅದು ತೊಲಗಲಿ ಎಂದು ಕಾಯುತ್ತಿದ್ದೆವು. ನಮ್ಮ ಬ್ಯಾಂಡಿನ ಎರಡನೇ ಆಲ್ಬಮ್ಮು ತಯಾರಾದದ್ದೇ ಹಾಗೆ. ತ್ರೀಫೇಸ್ ಬಂದರೆ ಗದ್ದೆಗಳಲ್ಲಿ ಪಂಪು ಓಡುತ್ತಿದ್ದವು, ಆಲೆಮನೆಯಲ್ಲಿ ಕಬ್ಬು ಅರೆಯುವ ಗಾಣದ ಮೋಟರು ಓಡುತ್ತಿತ್ತು. ನಾವು ರೆಕಾರ್ಡಿಂಗ್ ಮಾಡುತ್ತಿದ್ದ ಕೋಣೆಗೂ ಆ ಗಾಣಕ್ಕೂ ನಡುವೆ ಒಂದೇ ಗೋಡೆ. ತ್ರೀಫೇಸ್ ಹೋದರೆ ಗಾಣ ನಿಲ್ಲುತ್ತಿತ್ತು. ಮನೆಯ ಬಲ್ಬು, ಫ್ಯಾನು, ನಮ್ಮ ಲ್ಯಾಪ್‌ಟಾಪು ನಡೆಯುವಷ್ಟು ಕರೆಂಟು ಮಾತ್ರ ಉಳಿಯುತ್ತಿತ್ತು. ಆ ಹೊತ್ತಿನಲ್ಲಿ ಎಷ್ಟು ಬಾರಿಸುತ್ತೇವೋ ಅಷ್ಟೇ ನಮ್ಮ ಭಾಗ್ಯ.

ಆಲೆಮನೆ ನಮ್ಮ ಡ್ರಮ್ಮರನ ಅಣ್ಣನದು. ಡ್ರಮ್ಮರು ನನಗೆ ಪಾಂಡವಪುರದಲ್ಲಿ ಪಿಯುಸಿ ಓದುವ ಕಾಲದಿಂದ ಗೆಳೆಯ. ಗಾಣಕ್ಕೆ ಕಬ್ಬು ಕೊಡುವುದು, ಕೊಪ್ಪರಿಗೆಯ ಮುಂದೆ ನಿಂತು ಬೇಯುವುದು, ಬಿಡುವು ಸಿಕ್ಕಾಗ ಕೈ ತೊಳೆದುಕೊಂಡು ಬಂದು ಡ್ರಮ್ಸ್ ಮುಂದೆ ಕೂರುವುದು ಅವನ ದಿನಚರಿ. ಹಾಡುವವಳು ನಾಗಮಂಗಲದ ಹೈಸ್ಕೂಲೊಂದರಲ್ಲಿ ಟೀಚರು. ನಾನು ಶ್ರೀರಂಗಪಟ್ಟಣದ ದೇವಸ್ಥಾನದ ಮನೆತನದವನು, ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಗುಮಾಸ್ತ. ಅಪ್ಪ ನನ್ನ ಗಿಟಾರನ್ನು ಇವತ್ತಿಗೂ ‘ಆ ಪೆಟ್ಟಿಗೆ’ ಅನ್ನುತ್ತಾರೆ. ಹಾಡು ಬರೆಯುವುದು, ಗಿಟಾರು ನುಡಿಸುವುದು, ಎಲ್ಲರ ಮೇಲೂ ಸಿಡುಕುವುದು ಬ್ಯಾಂಡಿನಲ್ಲಿ ನನ್ನ ಪಾಲಿನ ಕೆಲಸ.

ಮೊದಲ ಆಲ್ಬಮ್ಮಿನಲ್ಲಿ ನಾವು ಒಂದು ತಮಾಷೆಯ ಹಾಡು ಮಾಡಿ ಕೆಟ್ಟೆವು. ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುವವರ ಮೇಲೆ ಬರೆದ ಹಾಡು. ಅದು ಹೇಗೋ ಮೊಬೈಲಿನಿಂದ ಮೊಬೈಲಿಗೆ ಹೋಗಿ ನಾವು ಟವೆಲ್ ಬ್ಯಾಂಡು ಆಗಿಬಿಟ್ಟೆವು. ನಾಗಮಂಗಲದ ಕಾಲೇಜಿನ ಕಾರ್ಯಕ್ರಮವೊಂದರಲ್ಲಿ ನಾನು ಕಣ್ಣುಮುಚ್ಚಿ ಹೊಸ ಹಾಡು ಶುರು ಮಾಡಿದರೆ ಮುಖಕ್ಕೆ ರಪ್ಪನೆ ಒಂದು ಟವೆಲ್ಲು ಬಿತ್ತು, ಅದೂ ಒದ್ದೆಯದು. ಜನ ಕುಣಿದರು, ಡ್ರಮ್ಮರೂ ನಕ್ಕ. ನನಗೆ ನಗು ಬರಲಿಲ್ಲ. ಆಮೇಲೆ ಎಷ್ಟೋ ತಿಂಗಳು ನನಗೆ ನಿಂತಲ್ಲಿ ನಿಲ್ಲಲಾಗದ, ಕೂತಲ್ಲಿ ಕೂರಲಾಗದ ಚಡಪಡಿಕೆ. ದಿನಾ ಬೈಕಿನಲ್ಲಿ ಕೆ.ಆರ್. ಪೇಟೆಗೆ ಹೋಗಿ ಬರುವ ದಾರಿಯುದ್ದಕ್ಕೂ ನಿಧಾನವಾದ, ಬೇಸರದ ಹಾಡುಗಳೇ ತಲೆಯಲ್ಲಿ ಸುತ್ತುತ್ತಿದ್ದವು. ಎರಡನೇ ಆಲ್ಬಮ್ಮಿನಲ್ಲಿ ಒಬ್ಬನೂ ಕುಣಿಯಬಾರದು ಎಂದು ಹಟ ಹಿಡಿದೆ.

ಡ್ರಮ್ಮರನಿಗೆ ಅದು ಹಿಡಿಸಲಿಲ್ಲ. ಸಾವಿನ ಮನೆಗೆ ಹೋಗಿ ಬಂದ ಹಾಗಿದೆ ಅಂದ. ಅಂದವನೇ ಕೋಲು ಕೈಗೆತ್ತಿಕೊಂಡು ಅಭ್ಯಾಸಕ್ಕೆ ಕೂತ. ಅವನು ಹಾಗೆಯೇ. ಬೈಯುವಾಗಲೂ ಮುದ್ದು ಮಾಡುವಾಗಲೂ ನನಗೆ ಲಾ ಅನ್ನುವವನು, ತೀರಾ ನೋವಾದಾಗ ಮಾತ್ರ ಅಯ್ನೋರೆ ಎಂದು ಬಹುವಚನ ಹಚ್ಚುತ್ತಾನೆ. ಅಷ್ಟು ವರ್ಷದಲ್ಲಿ ಅದನ್ನು ನಾನು ಕೇಳಿದ್ದು ಎರಡೇ ಸಲ.

ಕೋಣೆಯ ಗೋಡೆಗಳಿಗೆ ಹಳೆಯ ಕಂಬಳಿ, ಗೋಣಿಚೀಲ ಹೊಡೆದಿದ್ದೆವು. ಎಲ್ಲಿ ಮುಟ್ಟಿದರೂ ಅಂಟು. ಗಿಟಾರಿನ ತಂತಿಗೂ ಬೆಲ್ಲದ ಜಿಗುಟು, ಮೈಕಿನ ಮೇಲೆ ಜೇನ್ನೊಣ. ಕರೆಂಟಿನ ಪಾಳಿ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಹೇಳಿದ ಹೊತ್ತಿಗೆ ಹೋಗದು, ಹೋದರೆ ಹೇಳಿದಷ್ಟು ಹೊತ್ತು ಇರದು. ಒಂದು ಹಾಡು ಅರ್ಧ ಆಗಿರುವಾಗ ಗೋಡೆಯಾಚೆ ಮೋಟರು ಗುಂಯ್ ಎಂದರೆ ನಾನು ಮೈಮೇಲೆ ಬಿಸಿನೀರು ಬಿದ್ದವನಂತೆ ಎದ್ದು ಓಡಾಡುತ್ತಿದ್ದೆ. ಹೀಗೇ ನಾಲ್ಕು ತಿಂಗಳಲ್ಲಿ ಏಳು ಹಾಡು ಮುಗಿಸಿದೆವು. ಕೊನೆಯದೊಂದು ಉಳಿದಿತ್ತು. ನನ್ನ ಮಟ್ಟಿಗೆ ಇಡೀ ಆಲ್ಬಮ್ಮು ಆ ಒಂದು ಹಾಡಿಗಾಗಿಯೇ ಇತ್ತು.

ಆ ದಿನ ಮಧ್ಯಾಹ್ನ ಎಲ್ಲ ಸರಿಮಾಡಿಕೊಂಡು ರೆಕಾರ್ಡಿಂಗ್ ಒತ್ತಿ ಎರಡು ಸಾಲು ಹಾಡಿಸಿದ್ದೆ. ಅಷ್ಟರಲ್ಲಿ ತ್ರೀಫೇಸ್ ಬಂತು, ಗಾಣ ಶುರುವಾಯಿತು. ಡ್ರಮ್ಮರು ಅಣ್ಣನ ಜೊತೆ ಕೈಜೋಡಿಸಲು ಎದ್ದುಹೋದ. ನಾನು ಹೆಡ್‌ಫೋನು ಕಿತ್ತು ಬಿಸಾಕಿ, ಯಾವುದನ್ನೂ ಆರಿಸದೆ, ಹಾಡುವವಳನ್ನು ಕರೆದುಕೊಂಡು ರಸ್ತೆಯ ಅಂಗಡಿಗೆ ಟೀ ಕುಡಿಯಲು ಹೋದೆ. ಸಂಜೆಯವರೆಗೆ ಇನ್ನು ಕೂತ ಹಾಗೇ ಎಂದು ಅವಳ ಮುಂದೆ ಗೊಣಗಿದೆ. ವಾಪಸು ಬಂದರೆ ಗಾಣ ನಿಂತಿದೆ, ಡ್ರಮ್ಮರು ಬಾಗಿಲಲ್ಲೇ ನಿಂತಿದ್ದಾನೆ.

“ಕರೆಂಟ್ ಓಯ್ತು. ಬೇಗ್ ಬನ್ನಿ,” ಅಂದ.

ಹಾಡುವವಳು ಪಕ್ಕದ ಗದ್ದೆ ತೋರಿಸಿ, ಅಲ್ಲಿ ಪೈಪಿನಲ್ಲಿ ನೀರು ಬೀಳುತ್ತಿದೆಯಲ್ಲ ಅಂದಳು. ಯಾರದೋ ಡೀಸೆಲ್ ಪಂಪಿರಬೇಕು, ಸುಮ್ಮನೆ ಬಾ ಅಂದೆ. ಒಳಗೆ ಲ್ಯಾಪ್‌ಟಾಪು ಇನ್ನೂ ರೆಕಾರ್ಡಿಂಗಿನಲ್ಲೇ ಇತ್ತು. ಒಳ್ಳೆಯದೇ ಆಯಿತು ಎಂದು ನೇರವಾಗಿ ಹಾಡಿಗಿಳಿದೆವು.

ಅವಳು ಅದುವರೆಗೆ ಹಾಡಿದ್ದರಲ್ಲೆಲ್ಲ ಅವತ್ತಿನದೇ ಚೆನ್ನ. ಹಾಳು ಮಾಡಿದ್ದು ಡ್ರಮ್ಸು. ನಡೆಯಬೇಕಾದ ತಾಳ ಓಡುತ್ತಿತ್ತು, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ. ಮುಗಿದ ಮೇಲೆ ಇನ್ನೊಂದು ಸಲ ಬಾರಿಸೋಣ ಅಂದೆ. ಅವನು ಬಾಗಿಲ ಕಡೆ ನೋಡುತ್ತ, ಆಗುವುದಿಲ್ಲ ಅಂದ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು ನಾನು; ನಿನಗೆ ಈ ಆಲ್ಬಮ್ಮು ಬೇಡವಾಗಿದ್ದರೆ ಮೊದಲೇ ಹೇಳಬೇಕಿತ್ತು, ನೀನು ಟವೆಲ್ಲಿಗೇ ಸರಿ ಎಂದುಬಿಟ್ಟೆ. ಅವನು ಕೋಲು ಕೆಳಗಿಟ್ಟು ಹೊರಗೆ ಹೋದ.

ಆಮೇಲೆ ಆಲೆಮನೆಗೆ ಬಿಡುವಿಲ್ಲದ ಕಾಲ. ಅವನು ಸಿಗಲಿಲ್ಲ, ನಾನೂ ಹುಡುಕಿಕೊಂಡು ಹೋಗಲಿಲ್ಲ. ಮನೆಯಲ್ಲಿ ಕೂತು ಕೊನೆಯ ಹಾಡಿನಿಂದ ಅವನ ಡ್ರಮ್ಸನ್ನು ಪೂರ್ತಿ ತೆಗೆದು ಲ್ಯಾಪ್‌ಟಾಪಿನ ತಾಳ ಹಾಕಿದೆ. ಒಂದು ಚೂರೂ ಹಿಂದೆ ಮುಂದೆ ಆಗದ ತಾಳ. ಹಾಡುವವಳಿಗೆ ಕೇಳಿಸಿದಾಗ ಅವಳು, ಅವನಿಗೆ ತಿಳಿಸಿದೆಯಾ ಎಂದು ಮಾತ್ರ ಕೇಳಿದಳು. ತಿಳಿಸುತ್ತೇನೆ ಅಂದೆ. ಒಂದು ವಾರ ಕಳೆಯಿತು, ಎರಡಾಯಿತು. ಫೋನು ಕೈಗೆತ್ತಿಕೊಂಡು ಇಟ್ಟದ್ದೇ ಬಂತು. ಹೇಳಿದರೆ ಅವನು ಬ್ಯಾಂಡು ಬಿಡುತ್ತಾನೆ ಎಂದು ನನಗೆ ಗೊತ್ತಿತ್ತು. ಅವನಿಲ್ಲದ ಬ್ಯಾಂಡಿಗೆ ನಾನು ಒಂದು ದಿನವೂ ಹಾಡು ಬರೆಯಲಾರೆ ಎಂದೂ ಗೊತ್ತಿತ್ತು. ಆದರೂ ತಾಳ ಮಾತ್ರ ತೆಗೆಯಲಿಲ್ಲ.

ಆಲ್ಬಮ್ಮು ಹೊರಗೆ ಬಿಡುವ ಮುಂಚಿನ ಭಾನುವಾರ ಮೂವರೂ ತೊಣ್ಣೂರು ಕೆರೆಯ ಏರಿಯ ಹತ್ತಿರ ಹಾಡುವವಳ ಕಾರು ನಿಲ್ಲಿಸಿ, ಮೊದಲಿಂದ ಕೊನೆಯವರೆಗೆ ಕೇಳಲು ಕೂತೆವು. ಅವನು ಹಿಂದಿನ ಸೀಟಿನಲ್ಲಿದ್ದ. ಏಳು ಹಾಡಿಗೂ ತೊಡೆಯ ಮೇಲೆ ತಾಳ ಹಾಕಿಕೊಂಡೇ ಬಂದ. ಎಂಟನೆಯದು ಶುರುವಾಯಿತು. ತೊಡೆಯ ಮೇಲಿನ ತಾಳದ ಸದ್ದು ಸ್ವಲ್ಪ ಹೊತ್ತು ಕೇಳಿ ನಿಂತಿತು. ನಾನು ತಿರುಗಿ ನೋಡಲಿಲ್ಲ. ಹಾಡು ಮುಗಿಯುವವರೆಗೂ ಕಾದು, ಬಾಗಿಲು ತೆಗೆದು ಇಳಿದ.

“ಚೆನ್ನಾಗದೆ ಅಯ್ನೋರೆ,” ಅಂದ. “ನಾನು ನಡ್ಕಂಡೇ ಓಯ್ತೀನಿ. ನೀವು ಒಲ್ಡಿ.”

ಅವನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಮಾರನೆಯ ದಿನ ಕಾಲೇಜಿಗೆ ರಜೆ ಹಾಕಿ ಮನೆಯಲ್ಲಿ ಕೂತೆ. ಅವನ ತಾಳವನ್ನೇ ಅಲ್ಲಲ್ಲಿ ತಿದ್ದಿ ವಾಪಸು ಹಾಕಿದರಾದೀತು ಎಂಬ ಯೋಚನೆ. ಅವತ್ತಿನ ಇಡೀ ರೆಕಾರ್ಡಿಂಗು ತೆಗೆದೆ. ಹಾಡಿಗೆ ಮುಂಚೆ ಅರ್ಧ ಗಂಟೆಗೂ ಹೆಚ್ಚು ಬರೀ ಗಾಣದ ಸದ್ದು ಎಂದು ಹಿಂದೆ ಕಣ್ಣಳತೆಯಲ್ಲೇ ಕತ್ತರಿಸಿ ಎಸೆದಿದ್ದ ಭಾಗವೂ ಅದರಲ್ಲಿತ್ತು. ಈ ಸಲ ಯಾಕೋ ಅದನ್ನೂ ಕೇಳಿದೆ.

ಮೋಟರು ಗುಂಯ್‌ಗುಡುತ್ತಿತ್ತು. ಆಮೇಲೆ ಸದ್ದು ನಿಧಾನವಾಗಿ ಇಳಿದು ನಿಂತಿತು. ನಿಂತ ಕೂಡಲೇ ಅವನ ಅಣ್ಣನ ದನಿ.

“ತ್ರೀಫೇಸ್ ಇದ್ದಂಗೇ ಗಾಣ ನಿಲ್ಸಿದ್ದೀಯಲ್ಲಾ, ತಲೆ ಕೆಟ್ಟದಾ ನಿಂಗೆ? ಆಲು ಉಳಿ ಬತ್ತದೆ ಕಣ್ಲಾ.”

ಅರೆದ ಕಬ್ಬಿನ ಹಾಲು ಬಹಳ ಹೊತ್ತು ನಿಂತರೆ ಹುಳಿಯಾಗುತ್ತದೆ, ಆಮೇಲೆ ಬೆಲ್ಲ ಕಟ್ಟುವುದಿಲ್ಲ. ಅದು ನನಗೂ ಗೊತ್ತಿದ್ದ ಸಂಗತಿ.

“ಒಂದೇ ಒಂದ್ ಗಂಟೆ ಬುಡಣ್ಣ,” ಅಂದ ನಮ್ಮ ಡ್ರಮ್ಮರು. “ಈ ಆಡ್ಗೋಸ್ಕರ ಅವ್ನು ನಾಕ್ ತಿಂಗ್ಳಿಂದ ಒದ್ದಾಡ್ತಾವ್ನೆ. ಕರೆಂಟ್ ಓಯ್ತು ಅಂತೀನಿ. ನೀನು ಏಳ್ಬ್ಯಾಡ.”

ಆಮೇಲೆ ಚಪ್ಪಲಿಯ ಸದ್ದು, ನನ್ನ ದನಿ, ಹಾಡು. ಆ ಓಡುವ ತಾಳ. ಗೋಡೆಯಾಚೆ ಹುಳಿಯಾಗುತ್ತಿದ್ದ ಹಾಲನ್ನು ನೆನೆಯುತ್ತ ಅವನು ಬಾರಿಸಿದ್ದ. ಇನ್ನೊಂದು ಸಲ ಎಂದು ನಾನು ಗದರಿದ್ದೂ, ಟವೆಲ್ಲಿನ ಮಾತೂ ಎಲ್ಲ ಅದರಲ್ಲಿತ್ತು. ಕೇಳುತ್ತ ಕೇಳುತ್ತ ನಾಚಿಕೆಯಿಂದ ನನ್ನ ಮೈ ಹಿಡಿಯಷ್ಟಾಯಿತು. ಅತ್ತುಬಿಟ್ಟೆ. ಅವನ ತಾಳದ ಒಂದು ಪೆಟ್ಟನ್ನೂ ತಿದ್ದದೆ ಇದ್ದ ಹಾಗೇ ಹಾಡಿಗೆ ವಾಪಸು ಸೇರಿಸಿ, ಲ್ಯಾಪ್‌ಟಾಪು ಬೆನ್ನಿಗೆ ಹಾಕಿಕೊಂಡು ಕ್ಯಾತನಹಳ್ಳಿಗೆ ಬೈಕು ಓಡಿಸಿದೆ.

ಗಾಣ ಓಡುತ್ತಿತ್ತು. ಅವನು ಕಬ್ಬಿನ ಜಲ್ಲೆ ಕೊಡುತ್ತ ನಿಂತಿದ್ದ. ಅವನಣ್ಣ ಕೊಪ್ಪರಿಗೆಯ ಹತ್ತಿರದಿಂದ ನನ್ನನ್ನು ನೋಡಿ ಮುಖ ತಿರುಗಿಸಿದರು. ನಾನು ಹೆಡ್‌ಫೋನು ಚಾಚಿದೆ. ಆ ಸದ್ದಿನಲ್ಲಿ ತಪ್ಪಾಯಿತು ಎಂದು ಕೂಗಿದೆ. ಗೊತ್ತಾಯಿತು, ಎಲ್ಲಾ ಕೇಳಿಸಿಕೊಂಡೆ, ನೀನೂ ಕೇಳು ಎಂದೆ. ಅವನಿಗೆ ಎಷ್ಟು ಕೇಳಿಸಿತೋ ತಿಳಿಯದು. ಕೈ ಒರೆಸಿಕೊಳ್ಳಲೂ ಇಲ್ಲ. ಇನ್ನೊಂದು ಜಲ್ಲೆ ಎತ್ತಿ ಗಾಣಕ್ಕೆ ಕೊಟ್ಟ, ಮತ್ತೊಂದು ಕೊಟ್ಟ. ಹೊರಡು ಅನ್ನುತ್ತಾನೆ ಎಂದುಕೊಂಡೆ. ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದ.

“ಇವತ್ತು ಗಾಣ ನಿಲ್ಸಕ್ಕಿಲ್ಲ,” ಅಂದ. “ಕರೆಂಟ್ ಓಗೋಗಂಟ ಕುಂತಿರ್ಲಾ.”

ಹೊರಗೆ ಒಣಹಾಕಿದ್ದ ಕಬ್ಬಿನ ಸಿಪ್ಪೆಯ ಮೇಲೆ ಹೋಗಿ ಕೂತೆ. ಆಗಿನ್ನೂ ಹನ್ನೊಂದು ಗಂಟೆ. ಆ ವಾರ ತ್ರೀಫೇಸ್ ಹೋಗುತ್ತಿದ್ದದ್ದು ನಾಲ್ಕಕ್ಕೆ.