ಡೆಲ್ಫೀನ್ ಹೇಳಿಸಿದ ಸಾಕ್ಷಿ

ಮೆಂಫಿಸ್‌ನ ನಮ್ಮ ಓಣಿಯಲ್ಲಿ ಟೆಲಿಫೋನ್ ಕಂಬ ಹತ್ತುತ್ತಿದ್ದ ಹೆಂಗಸೆಂದರೆ ಡೆಲ್ಫೀನ್ ಮೇಬ್ರಿ ಒಬ್ಬರೇ. ಮೂವತ್ತೊಂದು ವರ್ಷ ಹತ್ತಿಳಿದು ನಿವೃತ್ತರಾದ ಮೇಲೆ, ಚರ್ಚಿನ ನೆಲಮಾಳಿಗೆಯಲ್ಲಿ ನಮ್ಮ ಕಪ್ಪು ಮಕ್ಕಳಿಗೆ ಕಂಪ್ಯೂಟರ್ ಜಾಲ ಹಾಕುವ ಕೆಲಸ ಕಲಿಸತೊಡಗಿದರು.

ಅಲ್ಲಿ ಎಲ್ಲರಿಗಿಂತ ಚುರುಕು ಕೈ ಹತ್ತೊಂಬತ್ತರ ಕಿಯೋನಾಳದು. ಆದರೂ ಎರಡು ಸಂದರ್ಶನಗಳಿಂದ ಬರಿಗೈಯಲ್ಲಿ ಬಂದಿದ್ದಳು. ಶುಕ್ರವಾರ ಆಸ್ಪತ್ರೆಯೊಂದರಲ್ಲಿ ಮೂರನೆಯದು. ಅದೂ ತಪ್ಪಿದರೆ ಗೋದಾಮಿನಲ್ಲಿ ಪೆಟ್ಟಿಗೆ ಹೊರಲು ಮರಳುವುದೆಂದು ಮನಸ್ಸು ಮಾಡಿದ್ದಳು.

"ಅವ್ರು ಏನ್ ಕೇಳಿದ್ರು?" ಎಂದರು ಡೆಲ್ಫೀನ್.

"ಏನು ರಿಪೇರಿ ಮಾಡಿದ್ದೀಯ ಅಂದ್ರು. ಮಿಸ್ ಡೆಲ್ಫೀನ್ ಕಲಿಸಿದ್ರು, ಚರ್ಚಿನ ಡೀಕನ್ ಏಣಿ ಹಿಡಿದ್ರು, ದೇವರು ಬುದ್ಧಿ ಕೊಟ್ಟ ಅಂದೆ."

"ಮತ್ತೆ ನೀನು?"

"ಜಂಭ ಕೊಚ್ಚಬಾರದು ಅಂತ ಅಜ್ಜಿ..."

"ನಿನ್ನಜ್ಜಿ ಬುಧವಾರದ ಪ್ರಾರ್ಥನೆ ಸಭೇಲಿ ಎದ್ದು ನಿಂತು, ದೇವರು ನಡೆಸಿದ್ದಕ್ಕೆ ಸಾಕ್ಷಿ ಹೇಳಲ್ವಾ? ಮಂಡಿ ನೋವಲ್ಲಿ ಹೆಂಗೆ ಮೆಟ್ಟಿಲು ಹತ್ತಿದೆ ಅಂತ, ಒಂದೊಂದು ಮೆಟ್ಟಿಲನ್ನೂ ಬಿಡದೆ? ಅದು ಜಂಭಾನಾ? ದೇವರು ನಿನ್ ಕೈಯಿಂದ ಮಾಡಿಸಿದ್ದನ್ನ ಮುಚ್ಚಿಡೋಕೆ ನೀನ್ಯಾರೇ?"

ಆ ಬುಧವಾರ ಸಭೆಯಲ್ಲಿ ಕಿಯೋನಾ ಎದ್ದು ನಿಂತಳು. "ಹಾಸಿಗೆ ಹಿಡಿದ ಹಿರಿಯರು ಫೋನಲ್ಲಿ ಆರಾಧನೆ ಕೇಳ್ತಿದ್ರು. ಒಂದು ಭಾನುವಾರ ದನಿ ನಿಂತುಹೋಯ್ತು."

"ಹೇಳಮ್ಮಾ!" ಎಂದಿತು ಸಭೆ.

"ನಾನು ಗಾಯಕರ ವೇದಿಕೆ ಕೆಳಗೆ ತೆವಳಿದೆ. ಒಂದೊಂದೇ ಕೇಬಲ್ ಪರೀಕ್ಷೆ ಮಾಡಿದೆ. ಏಳನೇದನ್ನ ಇಲಿ ಕಡಿದಿತ್ತು."

"ಅಯ್ಯೋ ದೇವರೇ!"

"ಏಣಿ ಹತ್ತಿ ಹೊಸದು ಎಳೆದು, ತುದಿಗೆ ಪ್ಲಗ್ ಒತ್ತಿದೆ. ಹನ್ನೊಂದೇ ನಿಮಿಷ!"

"ಏಣಿ ಹಿಡಿದಿದ್ದು ನಾನು!" ಎಂದು ಚರ್ಚಿನ ಹಿರಿಯ ಸೇವಕರಾದ ಡೀಕನ್ ರೂಫಸ್ ಎದ್ದರು.

"ಕೂತ್ಕೊಳ್ಳಿ ಡೀಕನ್, ಇದು ಏಣಿ ಸಾಕ್ಷಿ ಅಲ್ಲ," ಎಂದರು ಡೆಲ್ಫೀನ್. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು.

ಶುಕ್ರವಾರ ಆಸ್ಪತ್ರೆಯ ಸಂದರ್ಶನದಲ್ಲಿ ಅವಳು ಅದನ್ನೇ ಹೇಳಿದಳು. ಚರ್ಚಿನ ಅಭ್ಯಾಸಬಲದಿಂದ ಪ್ರತಿ ಮಾತಿಗೂ ನಿಲ್ಲಿಸಿ, ಸಭೆ ಕೂಗುವುದನ್ನು ಕಾಯುವಂತೆ ಕಾದಳಂತೆ. ಮೊದಲು ಸಂದರ್ಶನ ಮಾಡುತ್ತಿದ್ದ ಮೂವರೂ ಮುಖ ಮುಖ ನೋಡಿಕೊಂಡರು. ಇಲಿಯ ಹತ್ತಿರ ಬಂದಾಗ ನಡುವಿನ ಹೆಂಗಸು ಮುಂದಕ್ಕೆ ಬಾಗಿ, "ಆಮೇಲೆ?" ಎಂದರಂತೆ.

ಶನಿವಾರ ಡೆಲ್ಫೀನರ ಅಡುಗೆಮನೆಯಲ್ಲಿ ಮೀನು ಹುರಿಯುವಾಗ ಫೋನು ಬಂತು. ಕಿಯೋನಾ ಕೇಳಿಸಿಕೊಂಡಳು, "ಬರ್ತೀನಿ ಮ್ಯಾಮ್" ಎಂದಳು, ಇಟ್ಟಳು.

"ಸೋಮವಾರ ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಬರ್ಬೇಕಂತೆ."

ಡೆಲ್ಫೀನ್ ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಅವಳ ಎರಡೂ ಕೆನ್ನೆ ಹಿಡಿದರು.